ತನಿಖೆಯ ಕಾಗದ ಯಾರಪ್ಪನ ಸೊತ್ತು?

ಪುರಸಭೆಯ ನೌಕರನೊಬ್ಬನ ಮೇಲೆ ದೂರು ಹೋಗುತ್ತದೆ. ಗಟಾರ ಕಟ್ಟದೆ ಬಿಲ್ಲು ಎತ್ತಿದ ಅಂತಲೋ, ಮನೆ ಮಂಜೂರಿಗೆ ರೊಕ್ಕ ಕೇಳಿದ ಅಂತಲೋ, ಕೇರಿಯ ಹೆಣ್ಣುಮಗಳನ್ನ ಜಾತಿ ಹಿಡಿದು ಬೈದ ಅಂತಲೋ. 'ತನಿಖಿ ಮಾಡ್ತೀವಿ, ಹೋಗ್ರಿ' ಅನ್ನುತ್ತಾರೆ. ಮುಂದೇನಾಯಿತು? ಆರು ತಿಂಗಳು ಕಳೆದ ಮೇಲೆ ದೂರು ಕೊಟ್ಟವರು ಹೋಗಿ ಕೇಳಿದರೆ, 'ಅದು ಆಫೀಸಿನ ಒಳಗಿನ ವಿಚಾರ, ನಿಮಗ್ಯಾಕ ಬೇಕು?' ಎಂಬ ಉತ್ತರ. ಇದು ಒಂದೂರಿನ ಮಾತಲ್ಲ, ಯಾವ ಕಚೇರಿಯ ಬಾಗಿಲಲ್ಲಾದರೂ ಬಡವರು ಕೇಳಿಬಂದ ಮಾತು. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಪುರಸಭೆಗಳಿವೆ, ಹಾಸ್ಟೆಲುಗಳಿವೆ, ಅಕ್ಷರ ಕಲಿತ ನಮ್ಮ ಹುಡುಗರು ಹುಡುಗಿಯರು ಇದ್ದಾರೆ. ಆದ್ದರಿಂದ ಈ ಮಾತು ನಿಮಗೇ ಬರೆದದ್ದು.

ನೌಕರನ ಪಗಾರ ಜನರ ರೊಕ್ಕ. ಅವನು ಕೆಲಸದಲ್ಲಿ ಮಾಡಿದ ತಪ್ಪು ಜನರಿಗೆ ಆದ ಅನ್ಯಾಯ. ಹಾಗಿದ್ದ ಮೇಲೆ ಆ ತನಿಖೆಯ ಕಾಗದವೂ ಜನರದೇ.

ಪುರಸಭೆಯ ಒಂದು ಕಾಗದಕ್ಕೆ ಎಷ್ಟು ತೂಕ ಎಂಬುದು ಬಾಬಾಸಾಹೇಬರಿಗೆ ಗೊತ್ತಿತ್ತು. ರೋಣ, ನರಗುಂದ ಸೀಮೆ ಅಂದು ಸೇರಿದ್ದ ಅದೇ ಮುಂಬೈ ಪ್ರಾಂತದಲ್ಲಿ ಮಹಾಡ ಎಂಬ ಊರು. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ತೆರೆದಿರಬೇಕೆಂದು 1923ರಲ್ಲಿ ಮುಂಬೈ ಶಾಸನಸಭೆ ಠರಾವು ಮಾಡಿತು. 1924ರಲ್ಲಿ ಮಹಾಡದ ಮುನಿಸಿಪಾಲಿಟಿಯೂ ಚವದಾರ ಕೆರೆ ಬಗ್ಗೆ ಠರಾವು ಬರೆಯಿತು. ಕಾಗದದಲ್ಲಿ ಕೆರೆ ತೆರೆಯಿತು, ದಂಡೆಯ ಮೇಲೆ ಮುಚ್ಚೇ ಇತ್ತು. ಆ ಕಾಗದಕ್ಕೆ ಜೀವ ತುಂಬಲು 1927ರ ಮಾರ್ಚ್ 20ರಂದು ಸಾವಿರಾರು ಜನ ಬಾಬಾಸಾಹೇಬರ ಹಿಂದೆ ನಡೆದು ನೀರು ಮುಟ್ಟಿದರು. ಅದೇ ವರ್ಷ ಆಗಸ್ಟ್ 4ರಂದು ಮುನಿಸಿಪಾಲಿಟಿ ತನ್ನ ಠರಾವನ್ನೇ ರದ್ದು ಮಾಡಿತು. ಕೊನೆಗೆ 1937ರಲ್ಲಿ ಮುಂಬೈ ಹೈಕೋರ್ಟಿನಲ್ಲಿ ನಮ್ಮವರು ಗೆದ್ದರು. ಠರಾವಿನಲ್ಲಿ ಏನು ಬರೆದಿದೆ ಅಂತ ಗೊತ್ತಿಲ್ಲದವರು ಈ ಹೋರಾಟ ಕಟ್ಟಲು ಆಗುತ್ತಿರಲಿಲ್ಲ.

ಅಲ್ಲಿಂದ ಇತ್ತ ಬನ್ನಿ. 2010ರ ಜುಲೈನಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಇದ್ದ ಜಾಗದಿಂದ ಎಬ್ಬಿಸುವುದರ ವಿರುದ್ಧ ಭಂಗಿ ಸಮುದಾಯದವರು ಪುರಸಭೆ ಕಚೇರಿ ಎದುರು ಮೈಮೇಲೆ ಮಲ ಸುರಿದುಕೊಂಡರು. ಮನುಷ್ಯರ ಮಾತು ಕಚೇರಿಯ ಒಳಗೆ ಮುಟ್ಟಲು ಅಷ್ಟು ಆಗಬೇಕಾಯಿತು. ಇನ್ನು ಮುಂದೆ ಯಾರಿಗೂ ಆ ಗತಿ ಬರಬಾರದು.

2005ರ ಅಕ್ಟೋಬರ್ 12ರಿಂದ ಮಾಹಿತಿ ಹಕ್ಕು ಕಾಯ್ದೆ ಪೂರ್ತಿ ಜಾರಿಯಲ್ಲಿದೆ. 10 ರೂಪಾಯಿ ಶುಲ್ಕ. ಯಾಕೆ ಬೇಕು ಅಂತ ಕಾರಣ ಹೇಳಬೇಕಾಗಿಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಶಬ್ದದೊಳಗೆ. ಕಡತ ಗದಗಿನಲ್ಲೋ ಬೆಂಗಳೂರಿನ ಪೌರಾಡಳಿತ ನಿರ್ದೇಶನಾಲಯದಲ್ಲೋ ಇದ್ದರೆ, 5 ದಿನದಲ್ಲಿ ಅರ್ಜಿಯನ್ನ ಅವರೇ ಅಲ್ಲಿಗೆ ಕಳಿಸಬೇಕು. 'ಇಲ್ಲಿಲ್ಲ, ಹೋಗು' ಅನ್ನುವ ಹಾಗಿಲ್ಲ.

ಆದರೆ ಎರಡು ಗೋಡೆ ಅಡ್ಡ ಬರುತ್ತವೆ. ಒಂದು, 'ತನಿಖೆ ನಡೆದಿದೆ'. ತನಿಖೆ ನಡೆದಿದೆ ಎಂಬುದಷ್ಟೇ ಸಾಲದು, ಕಾಗದ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆ ಎಂದು ಅಧಿಕಾರಿ ತೋರಿಸಬೇಕು ಅಂತ ದೆಹಲಿ ಹೈಕೋರ್ಟು 2007ರಲ್ಲೇ ಹೇಳಿದೆ. ಎರಡನೆಯ ಗೋಡೆ ಗಟ್ಟಿ: 'ಇದು ನೌಕರನ ವೈಯಕ್ತಿಕ ಮಾಹಿತಿ'. ಗಿರೀಶ ದೇಶಪಾಂಡೆ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು, ನೌಕರನಿಗೆ ಕೊಟ್ಟ ಮೆಮೊ, ನೋಟೀಸು, ಶಿಕ್ಷೆಯ ಆದೇಶ ಇವೆಲ್ಲ ಅವನಿಗೂ ಇಲಾಖೆಗೂ ಸೇರಿದ್ದು ಎಂದಿತು. ಅದರ ಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಬಂದು, 2025ರ ನವೆಂಬರಿನಿಂದ ಮಾಹಿತಿ ಹಕ್ಕಿನ ಆ ಕಲಮನ್ನು ಇನ್ನಷ್ಟು ಬಿಗಿ ಮಾಡಿದೆ. ಕದ್ದವನ ಮಾನ ಕಾಯುವ ಕಾಳಜಿ, ಕಳಕೊಂಡವರ ಬಗ್ಗೆ ಇಲ್ಲ! ಆದರೂ 8(2)ನೇ ಕಲಮು ಇನ್ನೂ ಉಳಿದಿದೆ. ಮುಚ್ಚಿಡುವುದರಿಂದ ಉಳಿಯುವುದಕ್ಕಿಂತ ಜನಹಿತ ದೊಡ್ಡದಾಗಿದ್ದರೆ ಕಾಗದ ಕೊಡಬಹುದು ಅನ್ನುತ್ತದೆ ಅದು. ಆ ಜನಹಿತ ಏನು ಅಂತ ಅರ್ಜಿಯಲ್ಲೇ ಎರಡು ಸಾಲು ಬರೀರಿ.

ಇನ್ನೊಂದು ದಾರಿ, ಮನುಷ್ಯನನ್ನ ಬಿಟ್ಟು ಕೆಲಸದ ಕಾಗದ ಕೇಳುವುದು. ಆ ಗಟಾರದ ಅಳತೆ ಪುಸ್ತಕ, ಬಿಲ್ಲು, ವೋಚರು, ಹಾಜರಿ ಪಟ್ಟಿ, ಸಭೆಯ ಠರಾವು. ಇವು ಯಾರ ಖಾಸಗಿ ಸಂಗತಿಯೂ ಅಲ್ಲ. ಎಷ್ಟು ದೂರು ಬಂದವು, ಎಷ್ಟರ ಮೇಲೆ ಇಲಾಖಾ ವಿಚಾರಣೆ ಆಯಿತು, ಯಾವ ತಾರೀಖಿಗೆ ಮುಗಿಯಿತು ಅಂತ ಕೇಳ್ರಿ. ಲೋಕಾಯುಕ್ತ ವರದಿ ಕೊಟ್ಟಿದ್ದರೆ, 1984ರ ಕಾಯ್ದೆಯಂತೆ ಮೂರು ತಿಂಗಳಲ್ಲಿ ಏನು ಕ್ರಮ ಆಯಿತು ಅಂತ ಸರಕಾರ ತಿಳಿಸಬೇಕು. ಅದನ್ನೂ ಕೇಳ್ರಿ. ಪರಿಶಿಷ್ಟರಿಗೆ ಮೀಸಲಾದ ಶೇ. 24.10ರ ನಿಧಿಯ ಖರ್ಚಿನ ಲೆಕ್ಕ ಮೊದಲು ಕೇಳ್ರಿ. ವಿದ್ಯಾರ್ಥಿಗಳ ಸಹಾಯಧನ ಬರುವುದೂ ಅದರಿಂದಲೇ.

ಕಾಗದ ಬಂದಾಗ ಒಂದು ಸಂಗತಿ ಕಣ್ಣಿಟ್ಟು ನೋಡ್ರಿ: ಯಾರಿಗೆ ಶಿಕ್ಷೆಯಾಯಿತು? ಕಸ ಗುಡಿಸುವ ಪೌರಕಾರ್ಮಿಕ ಒಂದು ದಿನ ತಡವಾಗಿ ಬಂದದ್ದಕ್ಕೆ ನೋಟೀಸು, ಲಕ್ಷಗಟ್ಟಲೆ ಬಿಲ್ಲಿಗೆ ಸಹಿ ಹಾಕಿದವನಿಗೆ ಬರೀ ವರ್ಗಾವಣೆ ಅಂತಾದರೆ, ಆ ಕಡತವೇ ಜಾತಿಯ ಕಥೆ ಹೇಳುತ್ತದೆ. ಸುಳ್ಳು ದೂರಿಗೆ ಸಿಕ್ಕ ಬಡ ನೌಕರನನ್ನ ಉಳಿಸುವುದೂ ಅದೇ ಕಾಗದ. ಯಾರ ರೋಗ, ಸಂಸಾರ, ಸಾಲದ ವಿಷಯಕ್ಕೂ ಕೈ ಹಾಕಬ್ಯಾಡ್ರಿ. ಅರ್ಜಿ ಹಾಕಿ ರೊಕ್ಕ ಕೀಳುವವರ ನೆರಳಿಗೂ ಹೋಗಬ್ಯಾಡ್ರಿ. ಅವರಿಂದ ಈ ಹಕ್ಕಿಗೇ ಕೆಟ್ಟ ಹೆಸರು.

30 ದಿನದಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ.

ಒಬ್ಬರೇ ಹೋಗಬ್ಯಾಡ್ರಿ. 2021ರ ಜುಲೈನಲ್ಲಿ ಹರಪನಹಳ್ಳಿಯಲ್ಲಿ ಮಾಹಿತಿ ಹಕ್ಕಿನ ಕಾರ್ಯಕರ್ತರೊಬ್ಬರ ಕೊಲೆಯಾಯಿತು. ಒಂದೇ ವಿಷಯವನ್ನ ಐದು ಜನ ಐದು ಅರ್ಜಿಯಲ್ಲಿ ಕೇಳಿದರೆ ಯಾರನ್ನ ಹೆದರಿಸುತ್ತಾರೆ? ನರಗುಂದದ ನೆಲಕ್ಕೆ ಈ ಪಾಠ ಹೊಸದಲ್ಲ. 1980ರ ಜುಲೈ 21ರಂದು ಮಲಪ್ರಭೆಯ ನೀರಿನ ಕರದ ವಿರುದ್ಧ ರೈತರು ಅಲ್ಲಿ ನಿಂತದ್ದು ಹಳ್ಳಿ ಹಳ್ಳಿ ಕೂಡಿ.

ಈ ವಾರ ಪ್ರತಿ ಹಾಸ್ಟೆಲಿನಲ್ಲಿ ಐದು ಜನ ಕೂಡ್ರಿ. ಕೇರಿಗೆ ಹೋಗಿ, ಯಾವ ದೂರು ಎಲ್ಲಿ ನಿಂತಿದೆ ಅಂತ ಹಿರಿಯರನ್ನ ಕೇಳ್ರಿ. ಒಂದು ಅರ್ಜಿ ಬರೀರಿ. ಸ್ವೀಕೃತಿ ಮೊಹರು ಬೀಳುವತನಕ ಕಿಟಕಿ ಬಿಟ್ಟು ಕದಲಬ್ಯಾಡ್ರಿ.