ಹಗ್ಗ ಹಿಡಿಯುವ ಕೈ, ಗಾಲಿ ತಳ್ಳುವ ಕೈ

ಹೋದ ತಿಂಗಳು ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಕಮಿಟಿಯಿಂದ ಒಂದು ಸೂಚನೆ ಬಂತು. ಇಂಗ್ಲಿಷಿನಲ್ಲಿದ್ದ ಅದರ ಸಾರಾಂಶ ಇಷ್ಟು: ತಮ್ಮ ನಾಯಿಯನ್ನು ಮೈಬಲದಿಂದ ಹಿಡಿದು ನಿಲ್ಲಿಸಲಾಗದ ನಿವಾಸಿಗಳು ಅದನ್ನು ತಾವೇ ಹೊರಗೆ ಕರೆತರಬಾರದು, ‘ಸಮರ್ಥ’ರಾದ ಬೇರೊಬ್ಬರನ್ನು ಆ ಕೆಲಸಕ್ಕೆ ಇಟ್ಟುಕೊಳ್ಳಬೇಕು. ಯಾರ ಹೆಸರೂ ಇರಲಿಲ್ಲ. ಪುಣೆಯ ವಾಕಡ್‌ನ ಈ ಇನ್ನೂರು ಚಿಲ್ಲರೆ ಮನೆಗಳ ಸೊಸೈಟಿಯಲ್ಲಿ ವೀಲ್‌ಚೇರ್ ಮೇಲೆ ಕೂತು ನಾಯಿ ಅಡ್ಡಾಡಿಸುವವಳು ನಾನೊಬ್ಬಳೇ. ಹೆಸರು ಹಾಕುವ ಅಗತ್ಯವೂ ಇರಲಿಲ್ಲ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನನ್ನ ನಾಯಿ ಕೆಂಚ, ಆಫೀಸಿನ ಪಾರ್ಕಿಂಗ್‌ನಲ್ಲಿ ಸಿಕ್ಕ ಬೀದಿಮರಿ. ಎಂಟು ತಿಂಗಳವನಿದ್ದಾಗ ಒಂದು ಸಂಜೆ ಅವನ ಹಗ್ಗವನ್ನು ನನ್ನ ಕುರ್ಚಿಯ ಆರ್ಮ್‌ರೆಸ್ಟಿಗೆ ಸುತ್ತಿದ್ದೆ. ಬೆಕ್ಕೊಂದು ಅಡ್ಡ ಹೋಯಿತು. ಅವನು ಪಕ್ಕಕ್ಕೆ ಹಾರಿದ, ಕುರ್ಚಿ ಫುಟ್‌ಪಾತಿನ ಅಂಚಿನಲ್ಲಿ ವಾಲಿತು, ನಾನು ಬಿದ್ದೆ. ಇಬ್ಬರು ವಾಚ್‌ಮನ್‌ಗಳು ಎತ್ತಿ ಕೂಡಿಸಿದರು. ಮೊಣಕೈ ತರಚಿತ್ತು, ಅಷ್ಟೇ. ಎಂಟೆಕ್ ಮಾಡಿದವಳಿಗೆ ಇದು ತಿಳಿದಿರಬೇಕಿತ್ತು: ಎಳೆತ ಎಷ್ಟು ಎತ್ತರದಿಂದ ಬರುತ್ತದೋ ಕುರ್ಚಿ ಅಷ್ಟು ಸುಲಭವಾಗಿ ಉರುಳುತ್ತದೆ. ಆ ಸಂಜೆ ತಪ್ಪಿದ್ದು ನನ್ನ ಬುದ್ಧಿ. ಕಮಿಟಿ ಮಾತ್ರ ಅದನ್ನು ನನ್ನ ಕಾಲಿನ ಲೆಕ್ಕಕ್ಕೆ ಬರೆದುಕೊಂಡಿತು.

ಈಗ ಇನ್ನೊಂದು ದೃಶ್ಯ. ನಮ್ಮ ಪಕ್ಕದ ವಿಂಗ್‌ನಲ್ಲಿ ಒಬ್ಬರಿದ್ದಾರೆ. ಆರಡಿ ಎತ್ತರ, ದಿನಾ ಜಿಮ್. ಅವರ ದೊಡ್ಡ ನಾಯಿ ಬೆಳಿಗ್ಗೆ ಲಿಫ್ಟಿನಿಂದ ಹೊರಬಿದ್ದ ಕ್ಷಣದಿಂದ ಗೇಟಿನ ತನಕ ಅವರನ್ನು ಎಳೆದುಕೊಂಡೇ ಹೋಗುತ್ತದೆ. ಶಾಲೆಯ ಬಸ್ಸಿಗೆ ನಿಂತ ಮಕ್ಕಳ ಮೇಲೆ ಎಗರುತ್ತದೆ. ಅವರು ಎರಡೂ ಕೈಯಲ್ಲಿ ಹಗ್ಗ ಹಿಡಿದು ಹಿಂದಕ್ಕೆ ವಾಲಿ ತಡೆಯುತ್ತಾರೆ. ಮಕ್ಕಳು ಕಿರುಚುತ್ತಾರೆ, ಅವರು ನಗುತ್ತಾರೆ. ಅವರ ಬಗ್ಗೆ ಯಾವ ಸೂಚನೆಯೂ ಬಂದಿಲ್ಲ. ಏಕೆಂದರೆ ಅವರು ‘ಹಿಡಿದು ನಿಲ್ಲಿಸಬಲ್ಲರು’. ನಾನು ಅದನ್ನು ಹಗ್ಗಜಗ್ಗಾಟ ಅನ್ನುತ್ತೇನೆ. ಈವರೆಗೆ ದಿನಾ ಅವರೇ ಗೆಲ್ಲುತ್ತಿದ್ದಾರೆ. ಕಾಲು ಜಾರಿದ ದಿನ ಏನಾಗುತ್ತದೆಂದು ಯಾರೂ ಕೇಳಿಲ್ಲ.

ನಾನು ಹೇಳಬೇಕಾದ ಮಾತು ಇದೇ. ಬಲ ಇರುವವರಿಗೆ ತಮ್ಮ ನಾಯಿಗೆ ಏನೂ ಕಲಿಸಿಲ್ಲ ಎಂಬುದು ಗೊತ್ತೇ ಆಗುವುದಿಲ್ಲ. ತೋಳು ಆ ಕೊರತೆಯನ್ನು ಮುಚ್ಚಿಬಿಡುತ್ತದೆ. ನನಗೆ ಮುಚ್ಚಿಕೊಳ್ಳಲು ಏನೂ ಇಲ್ಲ, ಆದ್ದರಿಂದ ನಾನು ಕಲಿಸಲೇಬೇಕಾಯಿತು. ನಾಯಿ ಹತೋಟಿಯಲ್ಲಿದೆಯೋ ಇಲ್ಲವೋ ಎಂದು ಅಳೆಯಬೇಕಾದದ್ದು ನಾಯಿಯ ನಡತೆಯಿಂದ.

ಬಿದ್ದ ಮರುವಾರ ನಾನೂ ಎಲ್ಲರಂತೆ ಟ್ರೈನರ್ ಒಬ್ಬರನ್ನು ಕರೆಸಿದೆ. ತಿಂಗಳಿಗೆ ಹನ್ನೆರಡು ಸಾವಿರ. ಅವರು ಕತ್ತು ಬಿಗಿಯುವ ಉಕ್ಕಿನ ಸರಪಳಿ ತಂದರು. ನಾಯಿಗಳು ತೋಳಗಳ ವಂಶ, ಗುಂಪಿಗೊಬ್ಬ ಯಜಮಾನ ಇರುತ್ತಾನೆ, ಆ ಯಜಮಾನ ನೀವಾಗಬೇಕು ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, ನೀವು ಸದಾ ಕೂತೇ ಇರುವುದರಿಂದ ಅವನ ಕಣ್ಣಿಗೆ ನೀವು ಎತ್ತರದಲ್ಲಿಲ್ಲ, ಅದಕ್ಕೇ ಲೆಕ್ಕಕ್ಕೆ ಇಟ್ಟಿಲ್ಲ, ಮನೆಯಲ್ಲಿ ಗಂಡಸರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಅಡುಗೆಮನೆಯಿಂದ ಅವ್ವ ಹೊರಗೆ ಬಂದಳು. ಧಾರವಾಡ ಬಿಟ್ಟು ಬಂದು ಆರು ವರ್ಷವಾದರೂ ಅವಳಿಗೆ ಹಿಂದಿ ಅಷ್ಟಕ್ಕಷ್ಟೇ, ಆದರೆ ಆ ಪ್ರಶ್ನೆ ಅರ್ಥವಾಗಿತ್ತು. “ಗಂಡಸರು ಬಂದ್ರ ನಾಯಿಗೆ ಹೊಸಾ ಬುದ್ಧಿ ಬರತದೇನ, ಕೇಳ ಅವನ್ನ” ಅಂದಳು. ಮೂರು ವಾರ ಅವರ ಮುಂದೆ ಕೆಂಚ ಬಾಲ ಮುದುರಿ ಕೂತ. ಅವರು ಬಾಗಿಲು ದಾಟಿದೊಡನೆ ಮೊದಲಿನ ಹಾಗೇ ನನ್ನ ತೊಡೆಯ ಮೇಲೆ ಹಾರಿದ. ಕಲಿತದ್ದೇನಿದ್ದರೂ ಆ ಸರಪಳಿಯ ಬಗ್ಗೆ.

ಈ ತೋಳದ ಯಜಮಾನಿಕೆಯ ಕಥೆ ಎಲ್ಲಿಂದ ಬಂತು ಎಂದು ಹುಡುಕಿದೆ. ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕಲ್ ಎಂಬ ಸ್ವಿಸ್ ವಿಜ್ಞಾನಿ 1947ರಲ್ಲಿ ಬರೆದ ಪ್ರಬಂಧ ಅದರ ಮೂಲ. ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಅದನ್ನು ಜನಪ್ರಿಯ ಮಾಡಿದರು. ಆಮೇಲೆ ಅದೇ ಮೆಕ್ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿ, 1999ರಲ್ಲಿ ತಮ್ಮ ಮಾತನ್ನು ತಾವೇ ತಿದ್ದಿಕೊಂಡರು: ತೋಳದ ಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳ ಒಂದು ಸಂಸಾರ, ಹೊಡೆದಾಡಿ ಪಟ್ಟಕ್ಕೇರುವ ಯಜಮಾನ ಅಲ್ಲಿಲ್ಲ. ಹಳೆಯ ಪುಸ್ತಕ ಅಚ್ಚು ಮಾಡುವುದನ್ನು ನಿಲ್ಲಿಸಿ ಎಂದು ಪ್ರಕಾಶಕರನ್ನೂ ಕೇಳಿಕೊಂಡರು. ಬರೆದವರೇ ಹಿಂತೆಗೆದುಕೊಂಡ ಮಾತನ್ನು ನಮ್ಮ ಊರುಗಳಲ್ಲಿ ಇನ್ನೂ ತಿಂಗಳಿಗೆ ಹನ್ನೆರಡು ಸಾವಿರಕ್ಕೆ ಮಾರುತ್ತಿದ್ದಾರೆ.

ಹುಡುಕುತ್ತಾ ಹೋದಾಗ ನನಗೆ ಬೇಕಾದ ಪಾಠ ಸಿಕ್ಕಿದ್ದು ಸಮುದ್ರದಲ್ಲಿ. 1960ರ ದಶಕದಲ್ಲಿ ಹವಾಯಿಯಲ್ಲಿ ಕ್ಯಾರೆನ್ ಪ್ರಯರ್ ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದರು. ಡಾಲ್ಫಿನ್ನಿನ ಕತ್ತಿಗೆ ಹಗ್ಗ ಹಾಕಲಾಗದು, ಹೊಡೆಯಲಾಗದು. ಬೇಸರವಾದರೆ ಅದು ಈಜಿಕೊಂಡು ದೂರ ಹೋಗುತ್ತದೆ. ಕೈಯಲ್ಲಿ ಉಳಿಯುವುದು ಒಂದು ಸೀಟಿ ಮತ್ತು ಒಂದು ಬಕೆಟ್ ಮೀನು. ಸರಿಯಾಗಿ ಮಾಡಿದ ಕ್ಷಣದಲ್ಲಿ ಸೀಟಿ, ಹಿಂದೆಯೇ ಮೀನು. ಬಿ.ಎಫ್. ಸ್ಕಿನ್ನರ್ ಪ್ರಯೋಗಾಲಯದಲ್ಲಿ ತೋರಿಸಿದ್ದ ತತ್ವವೇ ಇದು. ಪ್ರಯರ್ 1984ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದ ಮೇಲೆ ಈ ವಿಧಾನ ನಾಯಿ ಸಾಕುವವರಿಗೂ ಹರಡಿತು. ಪ್ರಾಣಿಗಳ ವರ್ತನೆಯನ್ನು ಅಧ್ಯಯನ ಮಾಡುವ ಅಮೆರಿಕದ ಪಶುವೈದ್ಯರ ಸಂಘವೂ 2021ರಲ್ಲಿ ಬಹುಮಾನದ ವಿಧಾನವನ್ನೇ ಎಲ್ಲ ನಾಯಿಗಳಿಗೂ ಶಿಫಾರಸು ಮಾಡಿತು. ಬಲ ನಡೆಯದ ಕಡೆಯಲ್ಲಿ ಬೆಳೆದ ವಿಧಾನ ಇದು. ನನ್ನ ಕುರ್ಚಿಯೂ ಅಂಥದೇ ಒಂದು ಕಡೆ. ಕ್ಯಾಲಿಫೋರ್ನಿಯಾದಲ್ಲಿ ಬೊನಿಟಾ ಬರ್ಜಿನ್ ಅಂಗವಿಕಲರಿಗೆ ನೆರವಾಗುವ ನಾಯಿಗಳನ್ನು ತಯಾರು ಮಾಡುವ ಸಂಸ್ಥೆ ಕಟ್ಟಿದ್ದು 1975ರಲ್ಲಿ. ವೀಲ್‌ಚೇರ್‌ನಲ್ಲಿರುವವರು ನಾಯಿಯನ್ನು ಹತೋಟಿಯಲ್ಲಿಡಬಲ್ಲರೇ ಎಂದು ಕೇಳುತ್ತಿರುವ ನಮ್ಮ ಕಮಿಟಿ ಅರ್ಧ ಶತಮಾನ ತಡವಾಗಿ ಬಂದಿದೆ.

ನಾನು ಮಾಡಿದ್ದನ್ನು ಹೇಳುತ್ತೇನೆ. ಯಾರಿಗಾದರೂ ಉಪಯೋಗವಾದೀತು.

ಮೊದಲ ಎರಡು ವಾರ ಹೊರಗಿನ ಪಾಠವೇ ಇಲ್ಲ. ಅವನ ಶೌಚಕ್ಕೆ ಪಕ್ಕದ ಮನೆಯ ಹುಡುಗ ಕೆಳಗೆ ಕರೆದೊಯ್ಯುತ್ತಿದ್ದ. ನಾನು ಹಾಲ್‌ನಲ್ಲಿ ನಿಂತ ಕುರ್ಚಿಯ ಸುತ್ತ ಬೇಯಿಸಿದ ಮೊಟ್ಟೆಯ ಚೂರು ಹಾಕಿದೆ. ಆಮೇಲೆ ಗಾಲಿಯನ್ನು ಒಂದು ಗೇಣು ಉರುಳಿಸಿದೆ, ಮತ್ತೆ ಚೂರು. ಮುಂದಿನ ಸಣ್ಣ ಗಾಲಿಗಳು ತಿರುಗುವಾಗ ನಾಯಿಯ ಪಂಜ, ಬಾಲ ಸಿಕ್ಕಿಕೊಳ್ಳುವ ಅಪಾಯವಿದೆ. ಕುರ್ಚಿ ಅಲುಗಿದರೆ ಒಂದು ಹೆಜ್ಜೆ ಸರಿದು ನಿಲ್ಲಬೇಕು ಎಂಬುದೇ ಅವನ ಮೊದಲ ಪಾಠ.

ಎರಡನೆಯದು ಹಾರುವುದು. ನಾಯಿ ಮೈಮೇಲೆ ಹಾರಿದರೆ ಬೆನ್ನು ತಿರುಗಿಸಿ ನಿಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ನಾನು ತಿರುಗುವಷ್ಟರಲ್ಲಿ ಅವನ ಮುಂಗಾಲು ನನ್ನ ತೊಡೆಯ ಮೇಲೆ, ಮೂತಿ ನನ್ನ ಕನ್ನಡಕದ ಮೇಲೆ. ಆದರೆ ಕುರ್ಚಿಗೆ ರಿವರ್ಸ್ ಇದೆ. ಕೆಂಚನಿಗೆ ಎದೆಪಟ್ಟಿ ಹಾಕಿ ಮಂಚದ ಕಾಲಿಗೆ ಕಟ್ಟಿ, ಎಂಟಡಿ ದೂರದಿಂದ ನಿಧಾನವಾಗಿ ಹತ್ತಿರ ಹೋಗುತ್ತಿದ್ದೆ. ಹಾರಿದನೋ, ಮಾತಿಲ್ಲದೆ ಒಂದು ಸುತ್ತು ಹಿಂದಕ್ಕೆ. ನಾಲ್ಕೂ ಕಾಲು ನೆಲದ ಮೇಲಿದ್ದವೋ, ಒಂದು ಸುತ್ತು ಮುಂದಕ್ಕೆ. ಮೊದಲ ದಿನ ಅವನನ್ನು ಮುಟ್ಟಲು ಹನ್ನೊಂದು ಸಲ ಹಿಂದೆ ಮುಂದೆ ಹೋದೆ. ಐದನೆಯ ದಿನ ಎರಡೇ ಸಲ.

ಮೂರನೆಯದು ತಿನಿಸು ಕೊಡುವುದು. ನನಗೆ ನೆಲದ ತನಕ ಬಗ್ಗಲಾಗುವುದಿಲ್ಲ. ಮಡಿಲಿನಿಂದ ಚೂರು ಉರುಳಿದರೆ ಅವನು ಗಾಲಿಯ ಕೆಳಗೆ ನುಗ್ಗುತ್ತಾನೆ. ಉದ್ದ ಹಿಡಿಕೆಯ ಮರದ ಸೌಟಿಗೆ ಗಟ್ಟಿ ಮೊಸರು ಸವರಿ, ಅವನು ಎಲ್ಲಿರಬೇಕೋ ಅಲ್ಲಿ, ಬಲಗಾಲಿಯ ಪಕ್ಕದಲ್ಲಿ ಹಿಡಿದೆ. “ನನ್ನ ಪಲ್ಯಾದ ಸೌಟು ನಾಯಿಗೇನವಾ?” ಎಂದು ಅವ್ವ ಎರಡು ದಿನ ಸಿಟ್ಟಾಗಿದ್ದಳು. ಮೂರನೆಯ ದಿನ ಹೊಸ ಸೌಟು ಕೊಂಡೆ.

ಕೊನೆಗೆ ನಡಿಗೆ. ಇಲ್ಲೇ ಮುಖ್ಯ ವಿಷಯ ಇರುವುದು. ಕುರ್ಚಿ ತಳ್ಳಲು ಎರಡೂ ಕೈ ಬೇಕು. ಹಗ್ಗ ಹಿಡಿಯಲು ನನ್ನ ಹತ್ತಿರ ಮೂರನೆಯ ಕೈ ಇಲ್ಲ. ಈಗ ಹಗ್ಗವನ್ನು ತೊಡೆಯ ಕೆಳಗಿನಿಂದ ಹಾಯಿಸಿ ಸೊಂಟಪಟ್ಟಿಗೆ ಸಿಕ್ಕಿಸುತ್ತೇನೆ. ಎಳೆದರೂ ಎಳೆತ ತಗ್ಗಿನಲ್ಲೇ ಬರುತ್ತದೆ. ಅವನ ಎದೆಪಟ್ಟಿಯ ಕೊಂಡಿ ಎದೆಯ ಮುಂದಿದೆ, ಎಳೆದರೆ ಅವನೇ ನನ್ನ ಕಡೆ ತಿರುಗುತ್ತಾನೆ. ಆದರೂ ಹಗ್ಗ ಇರುವುದು ಆಪತ್ತಿಗೆ ಮಾತ್ರ. ದಿನದ ವ್ಯವಹಾರವೆಲ್ಲ ಮಾತಿನಲ್ಲಿ. ‘ಬಾ’, ‘ಕೂಡು’, ‘ನಿಲ್ಲು’, ‘ಬಿಡು’. ಸರಿ ಮಾಡಿದಾಗ ಒಂದು ‘ಹಾಂ’, ಅದು ನನ್ನ ಸೀಟಿ. ಅವನು ಮುಂದೆ ಓಡಿದರೆ ನಿಂತವರು ಥಟ್ಟನೆ ನಿಂತುಬಿಡಬಲ್ಲರು. ನಾನು ಎರಡು ಬ್ರೇಕ್ ಹಾಕುವಷ್ಟರಲ್ಲಿ ಯಾವುದಕ್ಕೆ ನಿಂತೆವೆಂದು ಅವನಿಗೆ ಮರೆತಿರುತ್ತದೆ. ಅದಕ್ಕೆ ಒಂದು ಗಾಲಿ ಹಿಡಿದು ಇನ್ನೊಂದನ್ನು ತಳ್ಳಿ ಬೇರೆ ದಿಕ್ಕಿಗೆ ಹೊರಳುತ್ತೇನೆ. ಎಲ್ಲಿ ಹೋಗುತ್ತೇವೆಂದು ತಿಳಿಯಲು ಅವನು ನನ್ನನ್ನೇ ನೋಡಬೇಕು. ಆರಂಭದಲ್ಲಿ ಗೇಟಿನ ತನಕದ ನೂರು ಮೀಟರಿಗೆ ನಲವತ್ತು ನಿಮಿಷ. ಹತ್ತನೆಯ ತಿಂಗಳಲ್ಲಿ, ಹರೆಯದ ಮಕ್ಕಳ ಹಾಗೆ, ಕಲಿತದ್ದೆಲ್ಲ ಮರೆತ. ಮತ್ತೆ ಹಾಲ್‌ನಿಂದ ಶುರು. ಈಗ ಹದಿನಾಲ್ಕು ತಿಂಗಳು, ಹತ್ತೊಂಬತ್ತು ಕಿಲೋ. ಅದೇ ದಾರಿಗೆ ಮೂರು ನಿಮಿಷ, ಹಗ್ಗ ಸಡಿಲವಾಗಿಯೇ ಇರುತ್ತದೆ.

ಆಫೀಸಿನಲ್ಲಿ ಹದಿನಾಲ್ಕು ಜನರ ತಂಡ ನಡೆಸುತ್ತೇನೆ. ಧ್ವನಿ ಎತ್ತರಿಸಿ ಕೆಲಸ ತೆಗೆಯುವ ಮ್ಯಾನೇಜರ್‌ಗಳನ್ನು ನಾವೆಲ್ಲರೂ ನೋಡಿದ್ದೇವೆ. ಅವರು ರಜೆ ಹಾಕಿದ ದಿನ ಆ ತಂಡ ಏನು ಮಾಡುತ್ತದೆ ಎಂಬುದನ್ನೂ ನೋಡಿದ್ದೇವೆ. ಟ್ರೈನರ್ ಹೋದ ಮೇಲೆ ಕೆಂಚ ಮಾಡಿದ್ದೂ ಅದನ್ನೇ.

ಕಮಿಟಿಯ ಆತಂಕ ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ನಾಯಿ ಕಂಡರೆ ಹೆದರುವ ಮಕ್ಕಳಿದ್ದಾರೆ, ಬಿದ್ದರೆ ಮೂಳೆ ಮುರಿಯುವ ವಯಸ್ಸಿನ ಅಜ್ಜಿಯರಿದ್ದಾರೆ. ಅವರ ಭಯಕ್ಕೆ ಬೆಲೆಯಿದೆ. ಪಾಲಿಕೆಯ ಪರವಾನಗಿ, ರೇಬಿಸ್ ಲಸಿಕೆ, ಸಾಮಾನ್ಯ ಜಾಗದಲ್ಲಿ ಹಗ್ಗ, ಮಲ ಎತ್ತುವುದು ಎಲ್ಲವೂ ನನಗೂ ಕಡ್ಡಾಯವೇ. ಮಲ ಎತ್ತಲು ಉದ್ದ ಹಿಡಿಕೆಯ ಚಿಮಟ ಇಟ್ಟುಕೊಂಡಿದ್ದೇನೆ, ಬಗ್ಗಲು ಬರುವ ಹಲವರು ಎತ್ತುವುದೇ ಇಲ್ಲ. ಆದರೆ ಆ ಅಜ್ಜಿಯನ್ನು ಕಾಪಾಡಬೇಕೆಂದರೆ ಯಾವ ನಾಯಿ ಎಗರುತ್ತದೆ ಎಂದು ನೋಡಬೇಕು. ಯಜಮಾನಿ ಕೂತಿದ್ದಾಳೋ ನಿಂತಿದ್ದಾಳೋ ಎಂದು ನೋಡಿದರೆ ಅಜ್ಜಿಗೆ ಏನು ಲಾಭ?

ಕಾನೂನಿನ ಮಾತನ್ನು ಎರಡೇ ಸಾಲಿನಲ್ಲಿ ಮುಗಿಸುತ್ತೇನೆ. ಬಹುಮತವಿದ್ದರೂ ಸೊಸೈಟಿಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಕೂಡದು ಎಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುತ್ತದೆ.

ಇನ್ನೊಂದು ಗುಂಪಿನವರ ಬಗ್ಗೆಯೂ ಹೇಳಲೇಬೇಕು. ಸೂಚನೆ ಬಂದ ಮೇಲೆ ಕೆಲವರು ನನ್ನ ಪರ ನಿಂತರು, ಅವರಿಗೆ ಕೃತಜ್ಞತೆ. ಆದರೆ ಒಬ್ಬರು ನಾನು ಕೆಂಚನೊಂದಿಗೆ ಹೋಗುವುದನ್ನು ಕೇಳದೆಯೇ ವಿಡಿಯೋ ಮಾಡಿ, ಹಿನ್ನೆಲೆಗೆ ಸಂಗೀತ ಹಾಕಿ, ‘ಸ್ಫೂರ್ತಿ’ ಎಂದು ಗುಂಪಿಗೆ ಹಾಕಿದರು. ಅರವತ್ತು ಚಪ್ಪಾಳೆ ಬಿದ್ದವು. ನಮ್ಮ ವಿಂಗ್‌ನಿಂದ ಹುಲ್ಲುಹಾಸಿಗೆ ಇಳಿಯಲು ರ‍್ಯಾಂಪ್ ಬೇಕೆಂದು ನಾನು ಎರಡು ವರ್ಷದ ಹಿಂದೆ ಕೊಟ್ಟ ಅರ್ಜಿಗೆ ಆ ಅರವತ್ತರಲ್ಲಿ ಒಬ್ಬರೂ ಸಹಿ ಮಾಡಿರಲಿಲ್ಲ. ಎರಡನೆಯ ವರ್ಷಕ್ಕೆ ಪೋಲಿಯೋ ಬಂದಾಗಿನಿಂದ ಮೂವತ್ತೈದರ ತನಕ ಕ್ಯಾಲಿಪರ್ ಹಾಕಿ ನಡೆದೆ, ಆಮೇಲೆ ಕುರ್ಚಿಗೆ ಬಂದೆ. ಇಷ್ಟು ವರ್ಷದಲ್ಲಿ ಚಪ್ಪಾಳೆಗೆ ನನಗೆ ಬರವಿಲ್ಲ. ಒಂದು ರ‍್ಯಾಂಪ್ ಸಾಕು.

ಕಮಿಟಿಗೆ ನಾನು ಕೊಟ್ಟ ಉತ್ತರ ಒಂದು ಪುಟದ್ದು. ಸೊಸೈಟಿಯ ಎಲ್ಲ ನಾಯಿಗಳಿಗೂ ಒಂದೇ ಪರೀಕ್ಷೆ ಇಡಿ. ಲಿಫ್ಟಿನ ಬಾಗಿಲು ತೆರೆದಾಗ ಅಪ್ಪಣೆ ಸಿಗುವ ತನಕ ಕೂತಿರಬೇಕು. ಚೆಂಡಾಟದ ಮಕ್ಕಳ ಪಕ್ಕದಲ್ಲಿ ಹಗ್ಗ ಬಿಗಿಯಾಗದಂತೆ ಹೋಗಬೇಕು. ಇನ್ನೊಂದು ನಾಯಿ ಎದುರಾದಾಗ ಎಗರಬಾರದು. ಬಾಯಲ್ಲಿ ಹಿಡಿದದ್ದನ್ನು ಹೇಳಿದಾಗ ಬಿಡಬೇಕು. ಕರೆದಾಗ ಬರಬೇಕು. ತೇರ್ಗಡೆಯಾಗದ ನಾಯಿಯ ಯಜಮಾನರು, ಯಾರೇ ಆಗಲಿ, ಮೂರು ತಿಂಗಳು ಕಲಿಸಿ ಮತ್ತೆ ಬರಲಿ. ಅಲ್ಲಿಯ ತನಕ ಜನ ಇಲ್ಲದ ಹೊತ್ತಿನಲ್ಲಿ ಮಾತ್ರ ಹೊರಗೆ ತರಲಿ. ಈ ನಿಯಮಕ್ಕೆ ನಾನು ಮೊದಲ ಸಹಿ ಹಾಕುತ್ತೇನೆ. ಕೆಂಚ ಸೋತರೆ ಆ ಶರತ್ತು ನನಗೂ ಅನ್ವಯ.

ಪರೀಕ್ಷೆ ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಇರಲಿ ಎಂದು ಬರೆದಿದ್ದೇನೆ. ಕಾರ್ಯದರ್ಶಿಗಳಿಂದ ಇನ್ನೂ ಉತ್ತರವಿಲ್ಲ. ಪಕ್ಕದ ವಿಂಗ್‌ನ ಆರಡಿಯವರು ಆ ಭಾನುವಾರ ಊರಲ್ಲಿರುವುದಿಲ್ಲವಂತೆ. ನಾನೂ ಕೆಂಚನೂ ಇರುತ್ತೇವೆ. ಹುಲ್ಲುಹಾಸಿಗೆ ಇಳಿಯಲು ರ‍್ಯಾಂಪ್ ಇಲ್ಲವಾದ್ದರಿಂದ ಅದರ ಅಂಚಿನಲ್ಲಿ.