ಭೂತ ನಮ್ಮದು, ಸಿನಿಮಾ ಅವರದು

"ಕನ್ನಡದಾಗ ಫ್ಯಾಂಟಸಿ ಎಲ್ಲೈತಿ ಲೇ?" ಈ ಪ್ರಶ್ನೆ ನಮ್ಮ ಹಾಸ್ಟೆಲ್ಲಿನಲ್ಲಿ ಆಗಾಗ ಕೇಳಿಬರುತ್ತೆ. ಕೇಳುವವರೆಲ್ಲ ಒಳ್ಳೆ ಓದುಗರೇ. ಹ್ಯಾರಿ ಪಾಟರ್ ಏಳೂ ಭಾಗ ಮುಗಿಸಿದವರು, ಸ್ಟೀಫನ್ ಕಿಂಗ್ ಓದಿ ಲೈಟ್ ಹಚ್ಚಿಟ್ಟುಕೊಂಡೇ ಮಲಗಿದವರು, 'ಡ್ಯೂನ್' ಬಗ್ಗೆ ಮೆಸ್ಸಿನಲ್ಲಿ ರೊಟ್ಟಿ ತಣ್ಣಗಾಗುವ ತನಕ ಜಗಳ ಆಡುವವರು. ಇವರ ಲೆಕ್ಕದಲ್ಲಿ ಕನ್ನಡ ಪುಸ್ತಕ ಅಂದ್ರೆ ಪರೀಕ್ಷೆಗೆ ಬರೋ ಪಾಠ, ಇಲ್ಲಾ ಅಜ್ಜನ ಕಪಾಟಿನಲ್ಲಿ ಧೂಳು ತಿನ್ನೋ ವಸ್ತು. ನಾನೂ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವ, ಆದರೂ ಈ ಮಾತನ್ನ ಒಪ್ಪೋದಿಲ್ಲ. ಕನ್ನಡದಲ್ಲಿ ಫ್ಯಾಂಟಸಿ, ಸೈನ್ಸ್ ಫಿಕ್ಷನ್, ಹಾರರ್ ಮೂರೂ ಇವೆ. ಅವುಗಳ ಬಗ್ಗೆ ರೊಟ್ಟಿ ತಣ್ಣಗಾಗೋ ಥರ ಜಗಳ ಆಡೋ ಓದುಗರು ಕಡಿಮೆ. ತೊಂದರೆ ಇರೋದು ಅಲ್ಲಿ.

ದೂರ ಹೋಗೋದು ಬೇಡ. ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋದ್ರೆ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ 'ಅಟ್ಟ' ಇದೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಪ್ರಕಾಶನ. ಗಿರೀಶ ಕಾರ್ನಾಡರ 'ಹಯವದನ' ಬಂದದ್ದು ಇಲ್ಲಿಂದ. ಅದರಲ್ಲಿ ಏನಾಗುತ್ತೆ? ಇಬ್ಬರು ಗೆಳೆಯರು ಕಾಳಿ ಗುಡಿಯಲ್ಲಿ ತಲೆ ಕತ್ತರಿಸಿಕೊಳ್ತಾರೆ. ಒಬ್ಬನ ಹೆಂಡತಿ ಪದ್ಮಿನಿ ಕತ್ತಲಲ್ಲಿ ತಲೆಗಳನ್ನ ಅದಲು ಬದಲು ಮಾಡಿ ಜೋಡಿಸ್ತಾಳೆ. ಈಗ ಗಂಡ ಯಾರು, ತಲೆ ಇರುವವನಾ, ದೇಹ ಇರುವವನಾ? ಇದನ್ನ ನಮ್ಮ ಬ್ರಾಂಚಿನವರ ಭಾಷೆಯಲ್ಲಿ ಕೇಳಿ: ಎರಡು ಲ್ಯಾಪ್‌ಟಾಪಿನ ಪ್ರೊಸೆಸರ್ ಅದಲು ಬದಲಾದ್ರೆ ನಿಮ್ಮ ಲ್ಯಾಪ್‌ಟಾಪ್ ಯಾವುದು? ನಾಟಕದಲ್ಲಿ ಋಷಿ 'ತಲೆಯೇ ಪ್ರಧಾನ' ಅಂತ ತೀರ್ಪು ಕೊಡ್ತಾನೆ. ಆದರೆ ದಿನ ಕಳೆದಂತೆ ಎರಡೂ ದೇಹಗಳು ತಮ್ಮ ತಮ್ಮ ಹೊಸ ತಲೆಗೆ ತಕ್ಕಂತೆ ಬದಲಾಗ್ತಾ ಹೋಗ್ತವೆ, ಪದ್ಮಿನಿಯ ಆಸೆ ಮತ್ತೆ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತೆ. ಒಂದು ಅಸಾಧ್ಯವಾದ ನಿಯಮ ಇಟ್ಟುಕೊಂಡು, ಅದರ ಪರಿಣಾಮವನ್ನ ಕೊನೇ ತನಕ ಪ್ರಾಮಾಣಿಕವಾಗಿ ಹಿಂಬಾಲಿಸೋದು. ಒಳ್ಳೆ ಫ್ಯಾಂಟಸಿ ಮಾಡೋದು ಇದನ್ನೇ. ನಾವು ಮಾತ್ರ ಇದಕ್ಕೆ 'ನಾಟಕ' ಅಂತ ಚೀಟಿ ಅಂಟಿಸಿ ಬೇರೆ ಕಪಾಟಿಗೆ ಕಳಿಸಿದ್ದೀವಿ. ಹಾವು ಗಂಡನ ರೂಪದಲ್ಲಿ ಮನೆಗೆ ಬರೋ 'ನಾಗಮಂಡಲ', ಚಂದ್ರಶೇಖರ ಕಂಬಾರರು ಕೃತಿಯಿಂದ ಕೃತಿಗೆ ಬೆಳೆಸಿದ ಶಿವಾಪುರ ಅನ್ನೋ ಕಲ್ಪನೆಯ ಊರು, ಇವಕ್ಕೂ ಅದೇ ಗತಿ. ಇಂಗ್ಲಿಷಿನಲ್ಲಿ ಯಾರಾದರೂ ಇಲ್ಲದ ಊರು ಕಟ್ಟಿದ್ರೆ 'ವರ್ಲ್ಡ್ ಬಿಲ್ಡಿಂಗ್' ಅಂತ ಬಾಯಿ ತೆರೀತೀವಿ. ಕಂಬಾರರು ಕಟ್ಟಿದ್ರೆ ಜಾನಪದ ಅಂತ ಪಕ್ಕಕ್ಕೆ ಇಡ್ತೀವಿ.

ಸೈನ್ಸ್ ಫಿಕ್ಷನ್ನಿಗೆ ಬರೋಣ. ತೇಜಸ್ವಿಯವರ 'ಕರ್ವಾಲೋ' ಎಲ್ಲರಿಗೂ ಗೊತ್ತು. ಲಕ್ಷಾಂತರ ವರ್ಷಗಳ ಹಿಂದಿನಿಂದ ಉಳಿದುಬಂದಿರಬಹುದಾದ ಹಾರುವ ಓತಿಯನ್ನ ಹುಡುಕಿ ಮಲೆನಾಡಿನ ಕಾಡಿಗೆ ಹೋಗೋ ಕಥೆ. ಇದು ಸೈನ್ಸ್ ಫಿಕ್ಷನ್ ಹೌದೋ ಅಲ್ಲವೋ? ಅಲ್ಲ ಅನ್ನೋ ಗೆಳೆಯರ ವಾದ: ಇದರಲ್ಲಿ ಯಂತ್ರ ಇಲ್ಲ, ಭವಿಷ್ಯ ಇಲ್ಲ, ಹಾರುವ ಓತಿ ಪಶ್ಚಿಮ ಘಟ್ಟದಲ್ಲಿ ನಿಜವಾಗಿಯೂ ಇದೆ. ನನ್ನ ವಾದ: ಹೌದು. ರಾಕೆಟ್ ಇದ್ದ ಮಾತ್ರಕ್ಕೆ ಸೈನ್ಸ್ ಆಗೋದಿಲ್ಲ. ಈ ಕಾದಂಬರಿಯಲ್ಲಿ ಒಬ್ಬ ವಿಜ್ಞಾನಿ ಇದ್ದಾನೆ, ಅವನ ಹುಡುಕಾಟಕ್ಕೆ ಆಧಾರ ಹಳ್ಳಿಯ ಮಂದಣ್ಣನ ಕಣ್ಣು. ಡಿಗ್ರಿ ಇಲ್ಲದವನು ನೋಡಿದ್ದನ್ನ ಡಿಗ್ರಿ ಇರುವವನು ಪುರಾವೆ ಅಂತ ಒಪ್ಪೋದು ವಿಜ್ಞಾನದ ದೊಡ್ಡ ಗುಣ, ನಮ್ಮ ಲ್ಯಾಬುಗಳಲ್ಲಿ ಅಪರೂಪಕ್ಕೆ ಕಾಣೋದು. ಕೊನೆ ಏನು ಅಂತ ಹೇಳಲ್ಲ, ಓದಿ.

ರಾಕೆಟ್ಟೇ ಬೇಕು ಅನ್ನುವವರಿಗೂ ಕನ್ನಡದಲ್ಲಿ ಇದೆ. ರಾಜಶೇಖರ ಭೂಸನೂರಮಠರು 'ಮನ್ವಂತರ', 'ಆಪರೇಷನ್ ಯುಎಫ್‌ಓ' ಥರದ ಕಾದಂಬರಿಗಳನ್ನ ನಾವು ಹುಟ್ಟೋದಕ್ಕೂ ಎಷ್ಟೋ ಮುಂಚೆ ಬರೆದಿದ್ದಾರೆ. ನಮ್ಮಲ್ಲಿ ಎಷ್ಟು ಜನ ಆ ಪುಸ್ತಕಗಳ ರಟ್ಟಾದರೂ ನೋಡಿದ್ದೀವಿ? ಜನ ಕೇಳದ ಪುಸ್ತಕವನ್ನ ಅಂಗಡಿಯವರು ತರಿಸೋದಿಲ್ಲ, ತರಿಸದ ಪುಸ್ತಕ ಮರುಮುದ್ರಣ ಆಗೋದಿಲ್ಲ. ಅಲ್ಲಿಗೆ 'ಕನ್ನಡದಾಗ ಎಲ್ಲೈತಿ ಲೇ' ಅನ್ನೋ ಮಾತು ತಾನಾಗಿಯೇ ನಿಜವಾಗಿಬಿಡುತ್ತೆ. ಫೀಡ್‌ಬ್ಯಾಕ್ ಲೂಪ್ ಅಂದ್ರೆ ಇದೇ ಅಲ್ವಾ?

ಹಾರರ್ ಬಗ್ಗೆ ಒಂದು ಗಟ್ಟಿ ತಕರಾರು ಇದೆ, ಅದನ್ನ ತಳ್ಳಿಹಾಕೋಕೆ ಆಗಲ್ಲ. ದೆವ್ವ, ಮಾಟದ ಕಥೆಗಳು ಮೂಢನಂಬಿಕೆ ಬೆಳೆಸ್ತವೆ ಅನ್ನೋದು. ತೆಲುಗಿನ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಕನ್ನಡಕ್ಕೆ ಬಂದು, 1985ರಲ್ಲಿ ಸಿನಿಮಾನೂ ಆಯ್ತು. ಒಂದು ಸಣ್ಣ ಹುಡುಗಿಯ ಮೇಲೆ ಮಾಟ ಮಾಡಿಸೋ ಕಥೆ ಅದು. ಕಾಷ್ಮೋರ ಅನ್ನೋ ಹೆಸರು ನೆನೆಸಿಕೊಂಡರೆ ಹೆದರೋ ಅತ್ತೆಯರು ಈಗಲೂ ನಮ್ಮ ಮನೆಗಳಲ್ಲಿ ಇದ್ದಾರೆ. ಈ ರಾಜ್ಯದಲ್ಲಿ ಅಮಾನವೀಯ ಆಚರಣೆ, ವಾಮಾಚಾರ ತಡೆಯೋಕೆ 2017ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯ್ತು. ಹಾಗಿರುವಾಗ ಹಾರರ್ ಯಾಕೆ ಬೇಕು ಅಂತ ಯಾರಾದರೂ ಕೇಳಿದ್ರೆ ಅದು ನ್ಯಾಯವಾದ ಪ್ರಶ್ನೆ.

ಇದಕ್ಕೆ ನನ್ನ ಉತ್ತರ ಎಂಟುನೂರು ವರ್ಷ ಹಳೇದು. ಜನ್ನ 1209ರಲ್ಲಿ 'ಯಶೋಧರ ಚರಿತೆ' ಬರೆದ. ಮಾರಿಗುಡಿಯಲ್ಲಿ ನರಬಲಿಗೆ ಇಬ್ಬರು ಮಕ್ಕಳನ್ನ ಹಿಡಿದು ತರ್ತಾರೆ. ಅಣ್ಣ ತಂಗಿ ಇಬ್ಬರೂ ಹೆದರದೆ ತಮ್ಮ ಹಿಂದಿನ ಜನ್ಮಗಳ ಕಥೆ ಹೇಳ್ತಾರೆ. ಜೀವ ಇರೋ ಪ್ರಾಣಿ ಬೇಡ ಅಂತ ಹಿಟ್ಟಿನ ಹುಂಜ ಮಾಡಿ ಬಲಿ ಕೊಟ್ಟರೆ, ಅದರೊಳಗೆ ಬೆಂತರ ಸೇರಿ ಕೂಗುತ್ತೆ. ಹಿಟ್ಟಿನ ಕೋಳಿ ಕೂಗೋ ಆ ಗಳಿಗೆಗಿಂತ ಭಯಂಕರವಾದ ಸೀನ್ ನಾನು ಯಾವ ಹಾಲಿವುಡ್ ಸಿನಿಮಾದಲ್ಲೂ ನೋಡಿಲ್ಲ. ಹಳಗನ್ನಡ ನನಗೆ ಓದೋಕೆ ಬರಲ್ಲ, ಗದ್ಯಾನುವಾದದಲ್ಲಿ ಓದಿದೆ. ಆದರೂ ಮೈ ಜುಮ್ಮೆಂದಿತು. ಆ ಹೆದರಿಕೆ ಕೆಲಸ ಮಾಡೋದು ಬಲಿಯ ವಿರುದ್ಧ. ಹಿಂಸೆ ಮಾಡೋದು ಇರಲಿ, ಹಿಂಸೆಯ ನಾಟಕ ಆಡಿದ್ರೂ ಅದು ಬೆನ್ನು ಬಿಡಲ್ಲ ಅಂತ ಹೇಳೋಕೆ ಜನ್ನನಿಗೆ ಭಯ ಬೇಕಾಯ್ತು. ಹಾಗಾಗಿ ಹಾರರ್ ಬೇಕೋ ಬೇಡವೋ ಅಂತ ಕೇಳೋ ಬದಲು, ಈ ಪುಸ್ತಕ ಯಾರನ್ನ ಹೆದರಿಸ್ತಿದೆ, ಯಾಕೆ ಹೆದರಿಸ್ತಿದೆ ಅಂತ ಕೇಳೋಣ. ಆ ಪ್ರಶ್ನೆ ಇಟ್ಟುಕೊಂಡು 'ತುಳಸಿದಳ' ಓದಿದ್ರೆ ಅದು ಪಾಸಾಗುತ್ತೋ ಫೇಲಾಗುತ್ತೋ ಅನ್ನೋದು ಒಂದು ಸಂಜೆ ಪೂರ್ತಿ ಕೂತು ವಾದ ಮಾಡಬೇಕಾದ ವಿಷಯ.

ವಾದ ಮಾಡದೇ ಇದ್ರೆ ಏನಾಗುತ್ತೆ? 'ನಾಳೆ ಬಾ' ನೆನಪು ಮಾಡಿಕೊಳ್ಳಿ. ರಾತ್ರಿ ದೆವ್ವ ಬಂದು ಪರಿಚಯದವರ ದನಿಯಲ್ಲಿ ಕರೆಯುತ್ತೆ, ಬಾಗಿಲು ತೆಗೆದ್ರೆ ಮುಗೀತು ಅಂತ ಕರ್ನಾಟಕದ ಊರೂರಲ್ಲಿ ಜನ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರು. ನಮ್ಮ ಅಪ್ಪ ಅಮ್ಮಂದಿರ ಕಾಲದ ಮಾತು, ಕೇಳಿ ನೋಡಿ. ಓದು ಬರಹ ಬರೋ ದೆವ್ವ, ದಿನಾ ಬೋರ್ಡ್ ನೋಡಿ ವಾಪಸ್ ಹೋಗೋ ದೆವ್ವ! ಈ ಎಳೆ ಹಿಡಿದು 2018ರಲ್ಲಿ ಹಿಂದಿಯವರು 'ಸ್ತ್ರೀ' ಅಂತ ಸಿನಿಮಾ ಮಾಡಿ ಗೆದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಕಥೆಗೆ ಯಾರೂ ಗೇಟ್ ಹಾಕೋಕೆ ಆಗಲ್ಲ. ನಮ್ಮ ಬಾಗಿಲ ಮೇಲೆಯೇ ಬರೆದಿದ್ದ ಕಥೆಯನ್ನ ನಾವು ಕಥೆ ಅಂತ ನೋಡಲಿಲ್ಲವಲ್ಲ, ಅದಕ್ಕೆ ಬೇಜಾರು.

'ಟೆಕ್ನಿಕಲ್ ವಿಷಯ ಕನ್ನಡದಾಗ ಬರೆದ್ರ ನಗು ಬರ್ತದ' ಅನ್ನೋದು ಇನ್ನೊಂದು ನೆಪ. 'ಗಣಕಯಂತ್ರ' ಅಂತ ಬರೆದ್ರೆ ನನಗೂ ನಗು ಬರುತ್ತೆ. ಆದರೆ ಲ್ಯಾಬಿನಲ್ಲಿ ನಾವು ಮಾತಾಡೋದು ಹೇಗೆ? "ಕೋಡ್ ರನ್ ಆಗವಲ್ದು", "ಕೆಪಾಸಿಟರ್ ಸುಟ್ಟು ಹೋತು". ಇದೂ ಕನ್ನಡವೇ. ಇದೇ ಕನ್ನಡದಲ್ಲಿ ಒಂದು ರೋಬೋಟ್ ಕಥೆ ಬರೆಯೋಕೆ ಯಾರ ಅಪ್ಪಣೆ ಬೇಕು? ಅಕ್ಕಪಕ್ಕ ನೋಡಿ. ಜಯಂತ ನಾರ್ಳೀಕರ್ ಅಷ್ಟು ದೊಡ್ಡ ಖಗೋಳ ವಿಜ್ಞಾನಿ. 1974ರಲ್ಲಿ ಬೇರೆ ಹೆಸರಿಟ್ಟುಕೊಂಡು ಮರಾಠಿ ವಿಜ್ಞಾನ ಕಥೆ ಸ್ಪರ್ಧೆಗೆ ಕಥೆ ಕಳಿಸಿ ಮೊದಲ ಬಹುಮಾನ ಗೆದ್ದರು. ತಮಿಳಿನ ಸುಜಾತಾ ಬೆಂಗಳೂರಿನ ಬಿಇಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು, ಮತಯಂತ್ರದ ಕೆಲಸದಲ್ಲಿ ಕೈಜೋಡಿಸಿದವರು. ರೋಬೋಟ್ ನಾಯಿ ಇರೋ ಅವರ ಕಾದಂಬರಿಯನ್ನ ತಮಿಳರು ಇವತ್ತಿಗೂ ನೆನೆಸ್ತಾರೆ. 'ಥ್ರೀ ಬಾಡಿ ಪ್ರಾಬ್ಲಂ' ಬರೆದ ಲಿಯು ಸಿಕ್ಸಿನ್ ಚೀನಾದ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದವರು. ಚೀನೀ ಓದುಗರು ಪತ್ರಿಕೆಯಲ್ಲಿ ಓದಿ ಮೆಚ್ಚಿದ ಮೇಲೆಯೇ ಅದು ಇಂಗ್ಲಿಷಿಗೆ ಹೋಗಿ, 2015ರಲ್ಲಿ ಹ್ಯೂಗೋ ಪ್ರಶಸ್ತಿ ಪಡೀತು. ಈ ಮೂವರೂ ನಮ್ಮಂಥ ಕ್ಲಾಸ್‌ರೂಮಿನಿಂದಲೇ ಬಂದವರು. ಆದರೆ ಅವರಿಗೆ ಅವರ ಭಾಷೆಯಲ್ಲಿ ಕಾಯ್ತಾ ಕೂತ ಓದುಗರಿದ್ದರು.

ಆ ಓದುಗರಾಗೋದು ನಮ್ಮ ಕೆಲಸ. ಕನ್ನಡ ಪುಸ್ತಕದ ಬಗ್ಗೆ ನಾವು ಆಡೋ ಮಾತು ಎರಡೇ: 'ಅದ್ಭುತ' ಇಲ್ಲಾ 'ಓದಿಲ್ಲ'. ಕನ್ನಡ ಅನ್ನೋ ಅಭಿಮಾನಕ್ಕೆ ಹೊಗಳೋದು ಬೇಡ. 'ಕರ್ವಾಲೋ' ನಿಮಗೆ ಬೋರ್ ಹೊಡೀತಾ? ಯಾವ ಪುಟದಲ್ಲಿ, ಯಾಕೆ ಅಂತ ಹೇಳಿ. 'ಹಯವದನ'ದಲ್ಲಿ ಋಷಿಯ ತೀರ್ಪು ತಪ್ಪು ಅನ್ನಿಸ್ತಾ? ವಾದ ಮಂಡಿಸಿ. ಕೆ.ಎನ್. ಗಣೇಶಯ್ಯನವರ ಥ್ರಿಲ್ಲರುಗಳಲ್ಲಿ ಇತಿಹಾಸ ಎಲ್ಲಿ ಮುಗಿದು ಕಲ್ಪನೆ ಎಲ್ಲಿ ಶುರುವಾಗುತ್ತೆ, ಬೆರಳಿಟ್ಟು ತೋರಿಸಿ.

ನಮ್ಮ ಕ್ಲಬ್ಬಿಗೆ ಒಂದು ಸಲಹೆ. ತಿಂಗಳಿಗೆ ಒಂದೇ ಪುಸ್ತಕ, ಒಂದು ಸಂಜೆ, ಒಂದು ಪ್ಲೇಟ್ ಗಿರ್ಮಿಟ್. ಭಾಷಣ ಬೇಡ, ಹಾರ ಬೇಡ, ಮುಖ್ಯ ಅತಿಥಿ ಬೇಡ. ಲೈಬ್ರರಿಯಲ್ಲಿ ಒಂದು ಕಪಾಟಿಗೆ 'ಕನ್ನಡ: ಫ್ಯಾಂಟಸಿ, ಸೈನ್ಸ್ ಫಿಕ್ಷನ್, ಹಾರರ್' ಅಂತ ಚೀಟಿ ಅಂಟಿಸೋಕೆ ಅರ್ಜಿ ಕೊಡೋಣ, ಖರ್ಚು ಒಂದು ಹಾಳೆ ಮತ್ತು ಸ್ವಲ್ಪ ಗೋಂದು. ಮೊದಲ ಪುಸ್ತಕ 'ಹಯವದನ' ಆಗಲಿ, ತೆಳ್ಳಗಿದೆ, ಇಂಟರ್ನಲ್ಸ್ ನಡುವೆಯೂ ಮುಗಿಯುತ್ತೆ. ತಲೆ ಮುಖ್ಯವೋ ದೇಹ ಮುಖ್ಯವೋ ಅಂತ ಮೆಕ್ಯಾನಿಕಲ್‌ನವರು ಒಂದು ಕಡೆ, ಕಂಪ್ಯೂಟರ್ ಸೈನ್ಸಿನವರು ಇನ್ನೊಂದು ಕಡೆ ಕೂತ್ಕೊಳ್ಳಿ. ಗಿರ್ಮಿಟ್ ಸಾಲದೇ ಬಂದ್ರೆ ಮಿರ್ಚಿ ತರಿಸೋಣ.