ಬೆಲೆ ಏರಿಕೆಗೆ ಕಾರಣ ಹೇಳಿ ಆರ್‌ಬಿಐ ಬರೆದ ಪತ್ರವನ್ನು ಸಂಸತ್ತು ಓದಬಾರದೇ?

ಅಪ್ಪ ಮನೆ ಕಟ್ಟಲು ಮಾಡಿದ ಸಾಲ ತೀರುವ ವರ್ಷ ಸದ್ದಿಲ್ಲದೆ ಮುಂದಕ್ಕೆ ಹೋಗಿದೆ ಅಂತ ನಮಗೆ ಗೊತ್ತಾಗಿದ್ದು 2023ರಲ್ಲಿ, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿದಾಗ. ಕಂತು ಮೊದಲಿನಷ್ಟೇ ಇತ್ತು, ಅವಧಿ ಮಾತ್ರ ಬೆಳೆದಿತ್ತು. "ನನ್ನನ್ನ ಯಾರೂ ಕೇಳ್ಲೇ ಇಲ್ವಲ್ಲ" ಅಂದರು ಅಪ್ಪ. ಕೌಂಟರಿನಲ್ಲಿದ್ದವರು "ರೆಪೊ ರೇಟ್ ಜಾಸ್ತಿ ಆಗಿದೆ ಸಾರ್" ಎಂದು ಹೇಳಿ ಮುಂದಿನವರನ್ನು ಕರೆದರು.

ಅವರು ಹೇಳಿದ್ದು ಸುಳ್ಳಲ್ಲ. 2022ರ ಮೇ 4ರಂದು ಶುರುವಾದ ಏರಿಕೆ 2023ರ ಫೆಬ್ರವರಿ ಹೊತ್ತಿಗೆ ರೆಪೊ ದರವನ್ನು ಶೇ 4ರಿಂದ ಶೇ 6.5ಕ್ಕೆ ತಂದು ನಿಲ್ಲಿಸಿತ್ತು. ಶೇ 7ರ ಬಡ್ಡಿಗೆ 20 ವರ್ಷದ ಅವಧಿಗೆ 20 ಲಕ್ಷ ಸಾಲ ಮಾಡಿದವರ ಕಂತು ಸುಮಾರು 15,500 ರೂಪಾಯಿ. ಅದೇ ಸಾಲಕ್ಕೆ ಬಡ್ಡಿ ಶೇ 9.5 ಆದರೆ ಕಂತು 18,600 ದಾಟುತ್ತದೆ. ತಿಂಗಳಿಗೆ ಮೂರು ಸಾವಿರಕ್ಕೂ ಹೆಚ್ಚಿನ ಹೊರೆ. ಆದರೆ ಅಪ್ಪನ ಮಾತಿನಲ್ಲಿದ್ದ ಪ್ರಶ್ನೆ ಬ್ಯಾಂಕಿನ ಕೌಂಟರಿಗೆ ಮುಗಿಯುವಂಥದ್ದಲ್ಲ. ಬೆಲೆ ಏರಿಕೆ ಕೈಮೀರಿದ್ದು ಯಾಕೆ ಅಂತ ಯಾರು ಯಾರಿಗೆ ಉತ್ತರ ಹೇಳಬೇಕು?

ಇದಕ್ಕೆ ಕಾನೂನೇ ಇದೆ. 2016ರಲ್ಲಿ ಆರ್‌ಬಿಐ ಕಾಯ್ದೆಗೆ ತಿದ್ದುಪಡಿ ತಂದು ಆರು ಜನರ ಹಣಕಾಸು ನೀತಿ ಸಮಿತಿಯನ್ನು ರಚಿಸಲಾಯಿತು. ಚಿಲ್ಲರೆ ಹಣದುಬ್ಬರಕ್ಕೆ ಶೇ 4ರ ಗುರಿ, ಶೇ 2ರಿಂದ ಶೇ 6ರ ಮಿತಿ ನಿಗದಿಯಾಯಿತು. ಸತತ ಮೂರು ತ್ರೈಮಾಸಿಕಗಳ ಸರಾಸರಿ ಈ ಮಿತಿ ದಾಟಿದರೆ ಆರ್‌ಬಿಐ ಸೋತ ಹಾಗೆ. ಆಗ ಸೋಲಿಗೆ ಕಾರಣವೇನು, ಸರಿಪಡಿಸಲು ಏನು ಮಾಡುತ್ತೇವೆ, ಎಷ್ಟು ಸಮಯ ಬೇಕು ಎಂದು ಅದು ಕೇಂದ್ರ ಸರ್ಕಾರಕ್ಕೆ ವರದಿ ಕೊಡಬೇಕು.

2022ರಲ್ಲಿ ಆಗಿದ್ದು ಇದೇ. ಮೊದಲ ಮೂರು ತ್ರೈಮಾಸಿಕಗಳ ಸರಾಸರಿ ಕ್ರಮವಾಗಿ ಶೇ 6.3, 7.3 ಮತ್ತು 7. ನವೆಂಬರ್ 3ರಂದು ಸಮಿತಿ ವಿಶೇಷ ಸಭೆ ಸೇರಿತು, ವರದಿ ದೆಹಲಿಗೆ ಹೋಯಿತು. ಅಲ್ಲಿಗೆ ಕತೆ ಮುಗಿಯಿತು. ಪತ್ರವನ್ನು ಬಹಿರಂಗಪಡಿಸುವ ಅಧಿಕಾರ ತಮಗಿಲ್ಲ ಎಂದರು ಆಗಿನ ಗವರ್ನರ್ ಶಕ್ತಿಕಾಂತ ದಾಸ್. ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಬಂದಾಗ, ವರದಿಯನ್ನು ಬಹಿರಂಗಪಡಿಸಲು ಕಾಯ್ದೆಯಲ್ಲಿ ಅವಕಾಶ ಕಲ್ಪಿಸಿಲ್ಲ ಎಂದು ಸರ್ಕಾರ ಉತ್ತರಿಸಿತು. ಬಹಿರಂಗಪಡಿಸಬಾರದು ಅಂತಲೂ ಕಾಯ್ದೆಯಲ್ಲಿಲ್ಲ ಅನ್ನೋದು ಬೇರೆ ಮಾತು!

ಈಗ ಈ ವ್ಯವಸ್ಥೆಯನ್ನು ಒಮ್ಮೆ ನೋಡಿ. ಆರ್‌ಬಿಐ ಜೊತೆ ಸಮಾಲೋಚಿಸಿ ಗುರಿ ನಿಗದಿ ಮಾಡುವುದು ಕೇಂದ್ರ ಸರ್ಕಾರ. ಗವರ್ನರ್ ನೇಮಕ ಅದರದ್ದೇ. ಸಮಿತಿಯ ಮೂವರು ಹೊರಗಿನ ಸದಸ್ಯರನ್ನು ನೇಮಿಸುವುದೂ ಅದೇ. ಸೋಲಿನ ಪತ್ರ ಹೋಗುವುದು ಅದಕ್ಕೇ. ಆ ಪತ್ರವನ್ನು ನಾವು ಓದಬಹುದಾ ಬೇಡವಾ ಅಂತ ತೀರ್ಮಾನಿಸುವುದೂ ಅದೇ. ಈ ಇಡೀ ಸರಪಳಿಯಲ್ಲಿ ಸಂಸತ್ತು ಎಲ್ಲಿದೆ?

ಬೆಲೆ ಏರಿಕೆ ಆರ್‌ಬಿಐ ಒಂದರ ಕೈಯಲ್ಲೇ ಇದ್ದಿದ್ದರೆ ಇದು ಇಷ್ಟು ಕಾಡುತ್ತಿರಲಿಲ್ಲ. ಬಡ್ಡಿ ಏರಿಸಿದರೆ ಸಾಲ ದುಬಾರಿಯಾಗಿ ಖರೀದಿ ತಗ್ಗುತ್ತದೆ, ನಿಜ. ಆದರೆ ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೆಚ್ಚು ಬರುವುದಿಲ್ಲ. ಪೆಟ್ರೋಲ್ ಮೇಲಿನ ತೆರಿಗೆ, ಆಹಾರ ದಾಸ್ತಾನು, ಆಮದು ಸುಂಕ ಎಲ್ಲವೂ ಸರ್ಕಾರದ ಕೈಯಲ್ಲಿವೆ. ಆರ್‌ಬಿಐ ಬಡ್ಡಿ ಏರಿಸಿದ 17 ದಿನಗಳ ನಂತರ, 2022ರ ಮೇ 21ರಂದು, ಕೇಂದ್ರ ಸರ್ಕಾರ ಪೆಟ್ರೋಲ್ ಮೇಲಿನ ಅಬಕಾರಿ ಸುಂಕವನ್ನು ಲೀಟರಿಗೆ 8 ರೂಪಾಯಿ ಇಳಿಸಿತು. ಅದನ್ನು ಇನ್ನೂ ಮೊದಲೇ ಇಳಿಸಿದ್ದರೆ? ಸೋಲಿನಲ್ಲಿ ಯಾರ ಪಾಲು ಎಷ್ಟು? ಆ ಪತ್ರದ ಮುಂದೆ ಕೇಳಬೇಕಾದ ಪ್ರಶ್ನೆ ಇದು. ಪತ್ರ ಮುಚ್ಚಿಟ್ಟರೆ ಬರೆದವರೂ ಬಚಾವ್, ಓದಿದವರೂ ಬಚಾವ್.

"ಸಂಸದರು ಬಡ್ಡಿ ದರಕ್ಕೆ ಕೈಹಾಕಿದರೆ ಚುನಾವಣೆ ಬಂದಾಗಲೆಲ್ಲ ಇಳಿಸಿ ಅಂತಾರೆ" ಅನ್ನುವ ಆಕ್ಷೇಪ ಇದೆ. ಅದನ್ನು ನಾನೂ ಒಪ್ಪುತ್ತೇನೆ. ದರ ನಿರ್ಧರಿಸುವುದು ಸಮಿತಿಯ ಕೆಲಸವೇ ಆಗಿರಲಿ. ಆದರೆ ನಿರ್ಧಾರ ಆದ ಮೇಲೆ ಲೆಕ್ಕ ಕೇಳುವುದು ಹಸ್ತಕ್ಷೇಪವಲ್ಲ. ಬ್ರಿಟನ್ನಿನಲ್ಲಿ ಹಣದುಬ್ಬರ ಗುರಿಗಿಂತ ಒಂದು ಪರ್ಸೆಂಟೇಜ್ ಪಾಯಿಂಟ್‌ಗಿಂತ ಹೆಚ್ಚು ಆಚೀಚೆಯಾದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ಗವರ್ನರ್ ಹಣಕಾಸು ಸಚಿವರಿಗೆ ಬರೆಯುವುದು ಬಹಿರಂಗ ಪತ್ರ. ಸಂಸದೀಯ ಸಮಿತಿ ಅವರನ್ನು ಕೂರಿಸಿ ಕ್ಯಾಮೆರಾ ಮುಂದೆಯೇ ಪ್ರಶ್ನಿಸುತ್ತದೆ. ಅಮೆರಿಕದಲ್ಲಿ ಫೆಡರಲ್ ರಿಸರ್ವ್ ಅಧ್ಯಕ್ಷರು ವರ್ಷಕ್ಕೆರಡು ಬಾರಿ ಕಾಂಗ್ರೆಸ್ ಮುಂದೆ ಹಾಜರಾಗುತ್ತಾರೆ. ಅಲ್ಲಿನ ಬ್ಯಾಂಕುಗಳ ಸ್ವಾಯತ್ತತೆ ಅದರಿಂದ ಸತ್ತುಹೋಗಿಲ್ಲ.

ನಮ್ಮಲ್ಲೂ ಹಣಕಾಸು ಸ್ಥಾಯಿ ಸಮಿತಿ ಇದೆ. ನೋಟು ರದ್ದತಿ ಬಗ್ಗೆ 2017ರ ಜನವರಿಯಲ್ಲಿ ಆಗಿನ ಗವರ್ನರ್ ಊರ್ಜಿತ್ ಪಟೇಲ್ ಅವರನ್ನು ಕರೆಸಿದ್ದು ನಮ್ಮದೇ ರಾಜ್ಯದ ವೀರಪ್ಪ ಮೊಯಿಲಿ ಅಧ್ಯಕ್ಷರಾಗಿದ್ದ ಸಮಿತಿ. ಆದರೆ ಆ ಸಭೆಗಳು ನಡೆಯುವುದು ಮುಚ್ಚಿದ ಬಾಗಿಲ ಹಿಂದೆ. ಆರ್‌ಬಿಐ ಬಗ್ಗೆ ಒಂದು ಮಾತು ಹೇಳಲೇಬೇಕು: ಅದು ನೀತಿ ಸಮಿತಿಯ ಪ್ರತಿ ಸಭೆಯ ನಡಾವಳಿಯನ್ನು, ಯಾವ ಸದಸ್ಯರು ಯಾಕೆ ಹಾಗೆ ಮತ ಹಾಕಿದರು ಅನ್ನುವುದರ ಸಮೇತ, 14ನೇ ದಿನಕ್ಕೆ ಪ್ರಕಟಿಸುತ್ತದೆ. ಇಷ್ಟನ್ನೆಲ್ಲ ತೆರೆದಿಡಬಹುದು ಅಂದಮೇಲೆ ಸೋಲಿನ ಕಾರಣ ಮಾತ್ರ ಗುಟ್ಟು ಯಾಕೆ?

ಹಾಗಾಗಿ ನಾವು ಕೇಳಬೇಕಾದದ್ದು ಎರಡೇ. ಒಂದು, ಇಂಥ ವರದಿಯನ್ನು ಇಂತಿಷ್ಟು ದಿನದೊಳಗೆ ಎರಡೂ ಸದನಗಳಲ್ಲಿ ಮಂಡಿಸಬೇಕು ಎಂದು ಕಾಯ್ದೆಗೆ ಒಂದು ಸಾಲು ಸೇರಿಸುವುದು. ಎರಡು, ಗವರ್ನರ್ ವರ್ಷಕ್ಕೆರಡು ಸಲ ಸ್ಥಾಯಿ ಸಮಿತಿಯ ಮುಂದೆ ಬಹಿರಂಗವಾಗಿ ಉತ್ತರಿಸುವುದು.

2022ರ ಆ ಪತ್ರ ಹೋದಾಗ ಹಣಕಾಸು ಸಚಿವೆಯಾಗಿದ್ದ ನಿರ್ಮಲಾ ಸೀತಾರಾಮನ್ ರಾಜ್ಯಸಭೆಯಲ್ಲಿ ಪ್ರತಿನಿಧಿಸುತ್ತಿದ್ದದ್ದು ಕರ್ನಾಟಕವನ್ನು. ಆ ಪತ್ರ ಇವತ್ತು ಹೊರಬಂದರೆ ಯಾವ ಮಾರುಕಟ್ಟೆಯೂ ಬೆಚ್ಚಿಬೀಳುವುದಿಲ್ಲ. ಅಪ್ಪನ ಸಾಲದ ಅವಧಿಯೂ ಕಡಿಮೆಯಾಗುವುದಿಲ್ಲ, ಗೊತ್ತು. ಆದರೆ ಕಂತು ಕಟ್ಟುತ್ತಿರುವವರಿಗೆ ಕಾರಣ ತಿಳಿಯುವ ಹಕ್ಕಾದರೂ ಇರಬೇಕಲ್ಲವೇ?